ಗಾಂಧಿ ಬಜಾರಿನಂಥ ಬೀದಿಗಳ ಮರುವಿನ್ಯಾಸ: ಸುರಿದ ಹಣ ಸಾರ್ಥಕವೇ?

ಬಸವನಗುಡಿ ನಿವಾಸಿ

ಬೆಂಗಳೂರಿನ ನಮ್ಮ ಬಸವನಗುಡಿಯ ಗಾಂಧಿ ಬಜಾರ್ ಬೀದಿಯನ್ನು ನಡೆಯುವವರಿಗಾಗಿ ಮರುವಿನ್ಯಾಸ ಮಾಡಿದ ಮೇಲೆ, ಈಗ ನಮ್ಮ ಕಡೆಯ ಇನ್ನೊಂದು ಮುಖ್ಯರಸ್ತೆಯಲ್ಲಿ ಪಾದಚಾರಿ ಮಾರ್ಗ ಅಗಲಿಸುವ ಮಾತು ಎದ್ದಿದೆ. ಅದರ ಬೆನ್ನಿಗೇ ವಿರೋಧವೂ ಎದ್ದಿದೆ. ವಾಹನಗಳಿಗೇ ಜಾಗ ಸಾಲದಿರುವಾಗ ಇರುವ ರಸ್ತೆಯನ್ನೂ ಕಿರಿದು ಮಾಡಿ ಗ್ರಾನೈಟ್ ಹಾಸುವುದು ಗುತ್ತಿಗೆದಾರರ ಜೇಬು ತುಂಬಿಸುವುದಕ್ಕೇ ಹೊರತು ಜನರಿಗಲ್ಲ ಎನ್ನುವವರೇ ಹೆಚ್ಚು. ಆ ಸಿಟ್ಟಿಗೆ ಕಾರಣಗಳಿವೆ. ಆದರೂ ಈ ಕೆಲಸ ಆಗಲೇಬೇಕು ಎಂದು ನಾನು ನಂಬಿದ್ದೇನೆ. ಯಾಕೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ, ಒಪ್ಪದವರು ವಿವರವಾಗಿಯೇ ಉತ್ತರಿಸಿ.

ಮೊದಲು ಸಾವಿನ ಲೆಕ್ಕ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಜನ ಪಾದಚಾರಿಗಳು. ದಿನಕ್ಕೆ ಸರಾಸರಿ 90 ಜನ. ಹಾಲು ತರಲು ಹೊರಟವರು, ಬಸ್ ಇಳಿದು ಮನೆಗೆ ಹೊರಟವರು, ಶಾಲೆಗೆ ಹೊರಟ ಮಕ್ಕಳು ಈ ಲೆಕ್ಕದಲ್ಲಿದ್ದಾರೆ. ಅಷ್ಟು ಜನ ಒಂದು ರೋಗದಿಂದ ಸತ್ತಿದ್ದರೆ ಮನೆಮನೆಗೆ ಸಮೀಕ್ಷೆ ಬರುತ್ತಿತ್ತು. ರಸ್ತೆಯಲ್ಲಿ ಸತ್ತರೆ ‘ನೋಡಿಕೊಂಡು ದಾಟಬೇಕಿತ್ತು’ ಎಂಬ ಮಾತಿನಲ್ಲಿ ಮುಗಿಸುತ್ತೇವೆ.

‘ಈ ಕಾಲದಲ್ಲಿ ನಡೆಯುವವರು ಎಷ್ಟು ಜನ?’ ಎಂದು ಕೇಳುತ್ತಾರೆ. ಬೆಂಗಳೂರಿನ ಬಿಎಂಟಿಸಿ ಬಸ್ಸುಗಳಲ್ಲಿ ದಿನಕ್ಕೆ ಸುಮಾರು 40 ಲಕ್ಷ ಪ್ರಯಾಣಗಳು ನಡೆಯುತ್ತವೆ. ಬಸ್ ಯಾರ ಮನೆಯ ಬಾಗಿಲಿಗೂ ಬರುವುದಿಲ್ಲ. ಹತ್ತುವ ಮೊದಲೂ ಇಳಿದ ಮೇಲೂ ನಡೆಯಲೇಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗಾಗಿ ನಡೆಯುವ ಹೆಂಗಸರು ಇನ್ನೂ ಹೆಚ್ಚಿದ್ದಾರೆ. ಸರ್ಕಾರ ಟಿಕೆಟ್ ಕೊಟ್ಟಿತು, ನಿಲ್ದಾಣದವರೆಗಿನ ಐನೂರು ಮೀಟರ್ ದಾರಿಯನ್ನು ಕೊಡಲಿಲ್ಲ. ಸಂಜೆ ಏಳರ ಹೊತ್ತಿಗೆ ಕೆಲಸ ಮುಗಿಸಿ ಬರುವ ಹೆಂಗಸು ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮಗುವಿನ ಕೈ ಹಿಡಿದು, ನಿಂತ ಕಾರುಗಳಿಗೂ ಓಡುವ ಬೈಕುಗಳಿಗೂ ನಡುವಿನ ಎರಡಡಿ ಜಾಗದಲ್ಲಿ ಮನೆ ಸೇರುತ್ತಾಳೆ.

ಇನ್ನು ವೇಗ. ಚಾಲಕನ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿಯಿತೆಂದುಕೊಳ್ಳಿ. ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ ಅಷ್ಟರಲ್ಲಿ ಸುಮಾರು 14 ಮೀಟರ್ ಮುಂದೆ ಹೋಗಿರುತ್ತದೆ, 30ರ ವೇಗದ್ದು 8 ಮೀಟರ್ ಚಿಲ್ಲರೆ. ಅಪ್ಪಳಿಸುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 50ರಲ್ಲಿ ಅದು 30ರಲ್ಲಿದ್ದುದಕ್ಕಿಂತ ಸುಮಾರು ಎರಡೂಮುಕ್ಕಾಲು ಪಟ್ಟು. ‘ನಿಧಾನವಾಗಿ ಚಲಿಸಿ’ ಎಂಬ ಫಲಕ ಓದಿ ಯಾರೂ ನಿಧಾನಿಸುವುದಿಲ್ಲ. ರಸ್ತೆಯ ಅಗಲ, ತಿರುವಿನ ಬಾಗು, ದಾಟುವ ಜಾಗದ ಎತ್ತರ, ಇವೇ ಚಾಲಕನ ಕಾಲನ್ನು ಆಳುತ್ತವೆ. ಮರುವಿನ್ಯಾಸ ಮಾಡುವುದು ಇದಕ್ಕಾಗಿ, ಚೆಂದಕ್ಕಾಗಿ ಅಲ್ಲ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅಡೆತಡೆಯಿಲ್ಲದ ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಇದೆ ಎಂದು ಹೇಳಿತು. ಅಂಗವಿಕಲರೂ ಬಳಸುವಂತಿರಬೇಕೆಂದು ಒತ್ತಿ ಹೇಳಿತು. ಹಾಗಾಗಿ ಹಣ ಉಳಿದರೆ ಮಾಡುವ ಅಲಂಕಾರದ ಪಟ್ಟಿಯಲ್ಲಿ ಇದನ್ನು ಇಡುವಂತಿಲ್ಲ.

ಗಾಂಧಿ ಬಜಾರ್ ವ್ಯಾಪಾರಿ

ನಿಮ್ಮ ಬರಹ ಪೂರ್ತಿ ಓದಿದೆ ಸರ್. ಬಜಾರಿನೊಳಗೆ ಕೂತವನ ಕಡೆಯಿಂದ ನಾಲ್ಕು ಮಾತು.

ನಮ್ಮದು ಗ್ರಂಧಿಗೆ ಅಂಗಡಿ. ಅಜ್ಜನ ಕಾಲದ್ದು. ಅರಿಸಿನ ಕುಂಕುಮ, ಕರ್ಪೂರ, ಮದುವೆ ಮುಂಜಿಯ ಸಾಮಾನು. ಗಿರಾಕಿಗಳು ಗಿರಿನಗರ, ಬನಶಂಕರಿ, ಚಾಮರಾಜಪೇಟೆಗಳಿಂದ ಸ್ಕೂಟರಿನಲ್ಲಿ ಬಂದು, ಮುಂದೆ ನಿಲ್ಲಿಸಿ, ಹತ್ತು ನಿಮಿಷದಲ್ಲಿ ಕೊಂಡು ಹೋಗುವವರು. ಕಾಮಗಾರಿ ಶುರುವಾದಾಗ ಇಷ್ಟು ತಿಂಗಳಲ್ಲಿ ಮುಗಿಯುತ್ತದೆ ಎಂದರು. ಅದು ವರ್ಷ ದಾಟಿತು. ಅಂಗಡಿಯ ಮುಂದೆ ಗುಂಡಿ, ಗುಂಡಿಯ ಮೇಲೆ ಒಂದು ಹಲಗೆ. ವಯಸ್ಸಾದವರು ಆ ಹಲಗೆ ನೋಡಿಯೇ ಹಿಂದೆ ತಿರುಗಿದರು. ವರಮಹಾಲಕ್ಷ್ಮಿ ಹಬ್ಬ, ಗೌರಿ ಗಣೇಶ ಹಬ್ಬ ಎಂದರೆ ನಮಗೆ ವರ್ಷದ ಸಂಪಾದನೆ. ಹಬ್ಬದ ವಾರದಲ್ಲೂ ಮಣ್ಣು ಗುಡ್ಡೆ ಹಾಕಿಕೊಂಡೇ ಇತ್ತು. ಯಾವ ದಿನ ಎಲ್ಲಿ ಅಗೆಯುತ್ತಾರೆ ಎಂದು ಹಿಂದಿನ ದಿನವಾದರೂ ಹೇಳಿ ಎಂದು ಅಂಗಲಾಚಿದರೂ ಯಾರೂ ಹೇಳಲಿಲ್ಲ.

ಮುಗಿದ ಮೇಲೆ ನೋಡಲು ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಸಂಜೆ ಕುಟುಂಬಗಳು ಓಡಾಡುತ್ತವೆ, ತಿಂಡಿಯ ಅಂಗಡಿಗಳಿಗೆ ಒಳ್ಳೆಯ ವ್ಯಾಪಾರ. ಆದರೆ ಓಡಾಡಲು ಬಂದವರು ಐದು ಕೆ.ಜಿ. ಸಾಮಾನು ಹೊತ್ತುಕೊಂಡು ಹೋಗುವುದಿಲ್ಲ. ಯಾವ ವ್ಯಾಪಾರ ಬೆಳೆಯುತ್ತದೆ, ಯಾವುದು ಕುಸಿಯುತ್ತದೆ ಎಂಬುದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಬೀದಿ ಸುಂದರವಾಗಿ ನಮ್ಮಂಥ ಅಂಗಡಿಗಳು ಮುಚ್ಚಿದರೆ ಅದು ಗಾಂಧಿ ಬಜಾರ್ ಆಗಿ ಉಳಿಯುತ್ತದೆಯೇ?

ನಿವೃತ್ತ ಎಂಜಿನಿಯರ್, ರಾಜಾಜಿನಗರ

ರಸ್ತೆ ಕಾಮಗಾರಿಗಳಲ್ಲೇ ಸೇವೆ ಕಳೆದವನು ನಾನು. ವ್ಯಾಪಾರಿಗಳು ಹೇಳಿದ ವಿಳಂಬದ ಬೇರು ನೆಲದೊಳಗಿದೆ.

ನಮ್ಮ ಹಳೆಯ ಬಡಾವಣೆಗಳ ರಸ್ತೆಯಡಿ ಏನೇನಿದೆ ಎಂಬುದರ ಸರಿಯಾದ ನಕ್ಷೆ ಯಾರ ಬಳಿಯೂ ಇರುವುದಿಲ್ಲ. ಕುಡಿಯುವ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್, ದೂರಸಂಪರ್ಕದ ಕೇಬಲ್, ಮಳೆನೀರಿನ ಚರಂಡಿ, ಒಂದೊಂದಕ್ಕೂ ಒಬ್ಬೊಬ್ಬ ಯಜಮಾನ. ಅಗೆದಾಗ ನಕ್ಷೆಯಲ್ಲಿಲ್ಲದ ಕೊಳವೆ ಸಿಗುತ್ತದೆ, ಅದರ ಇಲಾಖೆಯವರು ಬರುವವರೆಗೆ ಕೆಲಸ ನಿಲ್ಲುತ್ತದೆ. ಹೊಸ ಡಾಂಬರು ಹಾಕಿದ ತಿಂಗಳಲ್ಲೇ ಇನ್ನೊಬ್ಬರು ಬಂದು ಅಗೆಯುವುದು ಇದೇ ಕಾರಣಕ್ಕೆ.

ಬೆಂಗಳೂರಿನ ಟೆಂಡರ್‌ಶ್ಯೂರ್ ಎಂಬ ಯೋಜನೆಯಲ್ಲಿ ಮರುವಿನ್ಯಾಸಗೊಂಡ ರಸ್ತೆಗಳ ತಿರುಳು ಈ ಅಗೆತವನ್ನು ತಪ್ಪಿಸುವುದೇ. ವಿಠ್ಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ ಮೊದಲಾದ ಏಳು ರಸ್ತೆಗಳಲ್ಲಿ ಮೊದಲು ಮಾಡಿದರು. ಅಗಲ ಕಾಲುದಾರಿಯನ್ನು ಎಲ್ಲರೂ ನೋಡುತ್ತಾರೆ, ಅದರ ಕೆಳಗೆ ಕೊಳವೆ ಕೇಬಲುಗಳಿಗೆ ಬೇರೆ ಬೇರೆ ನಾಳಗಳಿರುವುದನ್ನು ನೋಡುವವರು ಕಡಿಮೆ. ದುರಸ್ತಿ ಬಂದಾಗ ತಪಾಸಣೆಯ ಗುಂಡಿಯ ಮುಚ್ಚಳ ತೆರೆದು ಕೆಲಸ ಮಾಡಬಹುದು, ರಸ್ತೆ ಕತ್ತರಿಸಬೇಕಿಲ್ಲ. ಬರಿಯ ಡಾಂಬರಿಗಿಂತ ಹಲವು ಪಟ್ಟು ಖರ್ಚು ಬರುವುದು ಅದರಿಂದಲೇ. ಅದೇ ಜಾಗವನ್ನು ಮತ್ತೆ ಮತ್ತೆ ಅಗೆದು ಮುಚ್ಚುವ ಖರ್ಚನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಕು.

ಇನ್ನು, ರಸ್ತೆ ಕಿರಿದಾದರೆ ವಾಹನ ದಟ್ಟಣೆ ಹೆಚ್ಚುತ್ತದೆ ಎಂಬ ಮಾತು. ನಮ್ಮ ರಸ್ತೆಗಳು ಒಂದೇ ಅಗಲದಲ್ಲಿ ಸಾಗುವುದಿಲ್ಲ. ಇಲ್ಲಿ ನಾಲ್ಕು ಪಥ, ಐವತ್ತು ಮೀಟರ್ ಮುಂದೆ ಎರಡೂವರೆ, ಮತ್ತೆ ಮೂರು. ಎಷ್ಟು ವಾಹನ ಹಾಯುತ್ತದೆ ಎಂಬುದನ್ನು ತೀರ್ಮಾನಿಸುವುದು ಅತಿ ಕಿರಿದಾದ ಜಾಗ ಮತ್ತು ಮುಂದಿನ ಸಿಗ್ನಲ್. ನಡುವೆ ಅಗಲವಾಗಿರುವ ಜಾಗ ವಾಹನ ನಿಲ್ಲಿಸಲು, ಇಲ್ಲವೇ ನುಗ್ಗಿ ಮುಂದೆ ಹೋಗಿ ಮತ್ತೆ ಒತ್ತರಿಸಿಕೊಳ್ಳಲು ಬಳಕೆಯಾಗುತ್ತದೆ ಅಷ್ಟೇ. ಉದ್ದಕ್ಕೂ ಒಂದೇ ಅಗಲದ ಎರಡು ಪಥ ಕೊಟ್ಟು ಉಳಿದದ್ದನ್ನು ನಡೆಯುವವರಿಗೆ ಬಿಟ್ಟರೆ ಹಾಯುವ ವಾಹನಗಳ ಸಂಖ್ಯೆ ಅಷ್ಟಾಗಿ ಇಳಿಯುವುದಿಲ್ಲ.

ಜಯನಗರದ ಮಗಳು

ಅಮ್ಮ ಗಾಲಿಕುರ್ಚಿಯಲ್ಲಿದ್ದಾರೆ. ಅವರನ್ನು ಉದ್ಯಾನದವರೆಗೆ ಕರೆದುಕೊಂಡು ಹೋಗಬೇಕೆಂಬುದು ನನ್ನ ದಿನನಿತ್ಯದ ಆಸೆ. ಮನೆಯಿಂದ ಉದ್ಯಾನ ಕಾಣುತ್ತದೆ, ಅಷ್ಟು ಹತ್ತಿರ.

ನಮ್ಮ ರಸ್ತೆಯ ಕಾಲುದಾರಿಯನ್ನೂ ಹೊಸದು ಮಾಡಿದ್ದಾರೆ. ನುಣುಪಾದ ಕಲ್ಲು, ಅಗಲವೂ ಸಾಕಷ್ಟಿದೆ. ಇಳಿಜಾರಿನ ತುದಿಯಲ್ಲಿ ಬೈಕುಗಳು ಹತ್ತದಿರಲಿ ಎಂದು ಕಬ್ಬಿಣದ ಗೂಟಗಳನ್ನು ನೆಟ್ಟಿದ್ದಾರೆ. ಎರಡು ಗೂಟಗಳ ನಡುವೆ ಗಾಲಿಕುರ್ಚಿ ತೂರುವುದಿಲ್ಲ, ಗಾಲಿಯ ಹೊರಗಿನ ಕೈಬಳೆ ತಾಗಿ ನಿಲ್ಲುತ್ತದೆ. ಆದರೆ ಬೈಕು ಹಾಯುತ್ತದೆ. ಸವಾರ ಹ್ಯಾಂಡಲನ್ನು ಸ್ವಲ್ಪ ಓರೆ ಮಾಡಿ, ಒಂದು ಕಾಲು ಊರಿ ನುಸುಳಿಸಿಬಿಡುತ್ತಾನೆ. ಪ್ರತಿ ಮನೆಯ ಗೇಟಿನ ಮುಂದೆ ಕಾರು ಇಳಿಯಲೆಂದು ಕಾಲುದಾರಿಯನ್ನೇ ತಗ್ಗಿಸಿರುವುದರಿಂದ ಹತ್ತು ಹೆಜ್ಜೆಗೊಮ್ಮೆ ಏರಿಳಿತ. ಕಣ್ಣು ಕಾಣದವರಿಗೆಂದು ಹಾಕಿದ ಹಳದಿ ಉಬ್ಬುಗೆರೆಯ ಹಾಸುಬಿಲ್ಲೆಗಳ ಸಾಲು ನೇರವಾಗಿ ಟ್ರಾನ್ಸ್‌ಫಾರ್ಮರ್ ಬೇಲಿಗೆ ಹೋಗಿ ಮುಟ್ಟುತ್ತದೆ. ಅದನ್ನು ನಂಬಿ ನಡೆದವರ ಗತಿ ಏನು?

ಮರುವಿನ್ಯಾಸ ಬೇಡ ಎಂದು ನಾನು ಹೇಳುತ್ತಿಲ್ಲ. ಬೇಕೇ ಬೇಕು. ಆದರೆ ಕೆಲಸ ಮುಗಿಯಿತು ಎಂದು ಬರೆದುಕೊಡುವ ಮೊದಲು ಒಬ್ಬರು ಗಾಲಿಕುರ್ಚಿಯಲ್ಲಿ ಕೂತು ಆ ತುದಿಯಿಂದ ಈ ತುದಿಗೆ ಬರಲಿ. ಬರಲಾಗದಿದ್ದರೆ ಬಿಲ್ ಪಾಸ್ ಮಾಡಬಾರದು.

ಆಟೊ ಚಾಲಕ, ಹನುಮಂತನಗರ

ಕಾಲುದಾರಿ ಮಾಡುವಾಗ ಆಟೊ ನಿಲ್ಲಲು, ಜನರನ್ನು ಇಳಿಸಲು ಎರಡು ಗಾಡಿಯಷ್ಟು ಜಾಗ ಬಿಡಿ ಸ್ವಾಮಿ. ಬಿಡದಿದ್ದರೆ ನಡುರಸ್ತೆಯಲ್ಲಿ ನಿಲ್ಲಿಸಬೇಕು, ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಪೊಲೀಸರು ದಂಡ ಹಾಕುತ್ತಾರೆ. ಆನ್‌ಲೈನ್ ಸಾಮಾನು ತಲುಪಿಸುವ ಹುಡುಗರ ಕಷ್ಟವೂ ಇದೇ. ನಾವೂ ಗಾಡಿ ನಿಲ್ಲಿಸಿದ ಮೇಲೆ ನಡೆಯುವವರೇ. ನನ್ನ ಮಕ್ಕಳು ಸರ್ಕಾರಿ ಶಾಲೆಗೆ ನಡೆದೇ ಹೋಗುತ್ತಾರೆ. ಆ ರಸ್ತೆಗೆ ಯಾವ ಗ್ರಾನೈಟೂ ಬಂದಿಲ್ಲ, ಚರಂಡಿಯ ಚಪ್ಪಡಿಯೇ ಅವರ ಫುಟ್‌ಪಾತ್. ಅದರಲ್ಲೂ ಎರಡು ಚಪ್ಪಡಿ ಮುರಿದಿವೆ. ಹಣ ಖರ್ಚು ಮಾಡುವುದಾದರೆ ಅಲ್ಲಿಂದ ಶುರು ಮಾಡಲಿ.

ಮೈಸೂರು ಸೈಕಲ್ ಸವಾರ

ಇಲ್ಲಿಯವರೆಗೆ ಸೈಕಲ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಬಣ್ಣ ಬಳಿದ ಪಟ್ಟೆ ಸೈಕಲ್ ಪಥ ಅಲ್ಲ. ಜಯನಗರದಲ್ಲಿ ದಶಕದ ಹಿಂದೆ ಪಟ್ಟೆ ಎಳೆದರು, ಅದು ಕಾರು ನಿಲ್ಲಿಸುವ ಜಾಗವಾಯಿತು. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಕಂಬಗಳನ್ನು ನಿಲ್ಲಿಸಿ ಪಥ ಮಾಡಿದರು. ಆಮೇಲೆ ಮೆಟ್ರೊ ಕಾಮಗಾರಿ ಬಂದಾಗ ಅದನ್ನು ಎತ್ತಿದರು. ಕಾಮಗಾರಿಗೆ ಜಾಗ ಬೇಕಾದಾಗ ಮೊದಲು ಹೋಗುವುದು ಸೈಕಲ್ಲಿನ ಜಾಗವೇ.

ನಮ್ಮ ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಯೋಜನೆ 450 ಸೈಕಲ್‌ಗಳೊಂದಿಗೆ ಶುರುವಾಯಿತು. ಜನ ಇಷ್ಟಪಟ್ಟರು. ಅರಮನೆ, ಮೃಗಾಲಯ, ರೈಲು ನಿಲ್ದಾಣಗಳ ನಡುವೆ ಪ್ರವಾಸಿಗರೂ ಸ್ಥಳೀಯರೂ ಬಳಸಿದರು. ಆದರೆ ಸೈಕಲ್ ಕೊಟ್ಟಷ್ಟು ಸುಲಭವಾಗಿ ಸೈಕಲ್ಲಿಗೆ ದಾರಿ ಕೊಡಲಿಲ್ಲ. ಸಂಜೆಯ ಹೊತ್ತು ವೃತ್ತಗಳಲ್ಲಿ ಬಸ್ಸು, ಟೆಂಪೊಗಳ ನಡುವೆ ಸಿಕ್ಕಿಕೊಂಡ ಮೇಲೆ ಹೊಸಬರು ಮತ್ತೆ ಹತ್ತುವುದಿಲ್ಲ.

ಸೈಕಲ್ ಎಂದರೆ ಹೆಲ್ಮೆಟ್, ಬಿಗಿ ಉಡುಪು ತೊಟ್ಟು ಭಾನುವಾರ ಚಾಮುಂಡಿ ಬೆಟ್ಟ ಹತ್ತುವವರದ್ದು ಎಂಬ ಭಾವನೆ ಬಂದುಬಿಟ್ಟಿದೆ. ನಾನೂ ಆ ಬೆಟ್ಟ ಹತ್ತುವವನೇ. ಆದರೆ ಬೆಳಗಿನ ಐದಕ್ಕೆ ಪತ್ರಿಕೆ ಹಾಕುವ ಹುಡುಗ, ರಾತ್ರಿ ಪಾಳಿ ಮುಗಿಸಿ ಹೊರಡುವ ಕಾವಲುಗಾರ, ಬುತ್ತಿ ನೇತುಹಾಕಿಕೊಂಡು ಕಟ್ಟಡದ ಕೆಲಸಕ್ಕೆ ಹೋಗುವವರು, ಇವರಿಗೆ ಸೈಕಲ್ ಹವ್ಯಾಸವಲ್ಲ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಾಗ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಬಿಡದೆ ಓದಿದರು. ಸೈಕಲ್ ಏನು ಮಾಡಬಲ್ಲದು ಎಂಬುದನ್ನು ನಮಗೆ ಯುರೋಪಿನವರು ಕಲಿಸಬೇಕಿಲ್ಲ. ನಗರದ ಮಗುವಿಗೆ ಸೈಕಲ್ ಇದ್ದರೂ ತಾಯಿ ಗೇಟಿನಾಚೆ ಬಿಡುವುದಿಲ್ಲ ಎಂಬುದೇ ಇವತ್ತಿನ ಸ್ಥಿತಿ.

ದೊಡ್ಡ ರಸ್ತೆಯಲ್ಲಿ ಎತ್ತರದ ಅಂಚುಗಲ್ಲಿನಿಂದ ಬೇರ್ಪಡಿಸಿದ ಪಥ ಬೇಕು. ಒಳರಸ್ತೆಗಳಲ್ಲಿ ಪಥವೇ ಬೇಡ, ವೇಗವನ್ನು 30ಕ್ಕೆ ಇಳಿಸುವ ವಿನ್ಯಾಸ ಸಾಕು.

ಧಾರವಾಡದ ಓದುಗ

ಹುಬ್ಬಳ್ಳಿ-ಧಾರವಾಡದ ‘ಚಿಗರಿ’ ಬಸ್ಸಿನ ಅನುಭವ ಹೇಳುತ್ತೇನೆ. 2018ರಿಂದ ಓಡುತ್ತಿವೆ, ತಂಪಾಗಿವೆ, ಬೇಗ ತಲುಪಿಸುತ್ತವೆ. ಆದರೆ ನಿಲ್ದಾಣಗಳಿರುವುದು ರಸ್ತೆಯ ನಡುವೆ. ಯಾವ ಕಡೆಯಿಂದ ಬಂದರೂ ಅರ್ಧ ರಸ್ತೆ ದಾಟಿಯೇ ಬಸ್ ಹತ್ತಬೇಕು. ಅಷ್ಟು ಅಗಲದ ರಸ್ತೆಯಲ್ಲಿ ಹೊರಗಿನ ಪಥಗಳ ವಾಹನಗಳು ರಭಸದಿಂದ ಬರುವಾಗ ವಯಸ್ಸಾದವರು ಅಂಚಿನಲ್ಲಿ ನಿಂತು ಯಾರಾದರೂ ಜೊತೆ ಸಿಗಲಿ ಎಂದು ಕಾಯುತ್ತಾರೆ. ಬಸ್ಸಿಗೆ ಎಷ್ಟು ಖರ್ಚು ಮಾಡಿದರೂ ದಾಟುವ ಆ ಹತ್ತು ಮೀಟರನ್ನು ಸರಿಯಾಗಿ ಕಟ್ಟದಿದ್ದರೆ ಜನ ಬೈಕು ಕೊಳ್ಳುತ್ತಾರೆ. ಬೆಂಗಳೂರಿನವರು ಕಾಲುದಾರಿಯ ಅಗಲದ ಬಗ್ಗೆಯೇ ಜಗಳವಾಡುತ್ತಿದ್ದೀರಿ, ದಾಟುವ ಜಾಗದ ಬಗ್ಗೆ ಹೆಚ್ಚು ಮಾತಾಡಿ.

ನೆದರ್‌ಲ್ಯಾಂಡ್ಸ್ ಕನ್ನಡತಿ, ಯುಟ್ರೆಕ್ಟ್

ಇಲ್ಲಿಗೆ ಬಂದ ಊರಿನವರೆಲ್ಲ ‘ಇವರದ್ದು ಸೈಕಲ್ ಸಂಸ್ಕೃತಿ, ನಮಗೆ ಒಗ್ಗದು’ ಎನ್ನುತ್ತಾರೆ. ಈ ದೇಶವೂ 1950-60ರ ದಶಕಗಳಲ್ಲಿ ಕಾರುಗಳಿಗಾಗಿ ಊರುಗಳನ್ನು ಒಡೆದಿತ್ತು. 1971ರಲ್ಲಿ ಇಷ್ಟು ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ತಂದೆತಾಯಿಯರು ಬೀದಿಗಿಳಿದ ಮೇಲೆ ಬದಲಾವಣೆ ಶುರುವಾಯಿತು. ಯುಟ್ರೆಕ್ಟ್‌ನಲ್ಲಿ ಕಾಲುವೆಯೊಂದನ್ನು ಬರಿದು ಮಾಡಿ ಹೆದ್ದಾರಿ ಮಾಡಿದ್ದರು, ಅದನ್ನು ಕಿತ್ತು 2020ರಲ್ಲಿ ಮತ್ತೆ ನೀರು ಹರಿಸಿದರು. ಅರ್ಧ ಶತಮಾನದ ಕೆಲಸ ಇದು. ಒಂದೆರಡು ಬೀದಿ ಮಾಡಿ ಫಲ ಬರಲಿಲ್ಲ ಎಂದು ಕೈಬಿಡಬೇಡಿ.

ಬಸವನಗುಡಿ ನಿವಾಸಿ

ಎಲ್ಲರ ಮಾತಿಗೂ ಕೃತಜ್ಞ.

ವ್ಯಾಪಾರಿಗಳೇ, ನಿಮಗಾದ ನಷ್ಟ ನಿಜ, ಅದನ್ನು ವಿನ್ಯಾಸದ ಖರ್ಚಿನಲ್ಲೇ ಸೇರಿಸಬೇಕೆಂಬುದು ನನ್ನ ವಾದ. ಬೀದಿಯನ್ನು ಒಮ್ಮೆಗೇ ಪೂರ್ತಿ ಅಗೆಯದೆ ತುಂಡು ತುಂಡಾಗಿ ಮಾಡಬಹುದು. ಶ್ರಾವಣದಿಂದ ದೀಪಾವಳಿಯವರೆಗೆ ಮಾರುಕಟ್ಟೆ ಬೀದಿಯಲ್ಲಿ ಅಗೆತ ಬೇಡ ಎಂದು ಟೆಂಡರ್ ಷರತ್ತಿನಲ್ಲೇ ಬರೆಯಬಹುದು. ಆದರೆ ಅಂಗಡಿಯ ಮುಂದೆ ಗಾಡಿ ನಿಲ್ಲಿಸುವುದರ ಬಗ್ಗೆ ಒಂದು ಪ್ರಶ್ನೆ. ಬೆಳಿಗ್ಗೆ ಅಲ್ಲಿ ನಿಂತ ಕಾರುಗಳಲ್ಲಿ ಗಿರಾಕಿಗಳದ್ದೆಷ್ಟು, ಅಂಗಡಿಯವರದ್ದೂ ಪಕ್ಕದ ಕಚೇರಿಯವರದ್ದೂ ಎಷ್ಟು? ಸಂಜೆಯವರೆಗೆ ಕದಲದ ಕಾರು ನಿಮ್ಮ ಹತ್ತಾರು ಗಿರಾಕಿಗಳ ಜಾಗವನ್ನು ತಿನ್ನುತ್ತದೆ. ಬಿಟ್ಟಿ ನಿಲುಗಡೆ ಉಳಿಸಿಕೊಂಡರೆ ಲಾಭವಾಗುವುದು ಆ ಕಾರಿಗೆ, ನಿಮಗಲ್ಲ.

ಚರ್ಚ್ ಸ್ಟ್ರೀಟ್ ಉದಾಹರಣೆ ಯಾರೂ ಎತ್ತಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಕಲ್ಲುಹಾಸಿನ ಆ ಬೀದಿ 2018ರಲ್ಲಿ ತೆರೆಯಿತು. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನಗಳನ್ನು ಪೂರ್ತಿ ನಿಲ್ಲಿಸಿದರು. ಜನ ತುಂಬಿದರು, ನಡುಬೀದಿಯಲ್ಲಿ ಮಕ್ಕಳು ಆಡಿದರು. ಆಮೇಲೆ ವಾಹನಗಳು ಮರಳಿದವು, ಕಲ್ಲುಗಳು ಅಲ್ಲಲ್ಲಿ ಕಿತ್ತುಬಂದವು, ಅಂಚಿನಲ್ಲಿ ಬೈಕುಗಳು ನಿಂತವು. ಕಟ್ಟುವುದಕ್ಕೆ ಇದ್ದ ಉತ್ಸಾಹ ಕಾಪಾಡುವುದಕ್ಕೆ ಇರಲಿಲ್ಲ. ಇದು ನನಗೆ ಬಹಳ ನೋವು ಕೊಟ್ಟ ವಿಷಯ, ಏಕೆಂದರೆ ವಿರೋಧಿಗಳ ಕೈಗೆ ನಾವೇ ಕೋಲು ಕೊಟ್ಟೆವು.

ಇನ್ನೊಂದು ಕಳವಳ ಬೀದಿಬದಿಯ ವ್ಯಾಪಾರಿಗಳದ್ದು. ಪಾದಚಾರಿ ಮಾರ್ಗದ ಹೆಸರಿನಲ್ಲಿ ಮೊದಲು ಎಬ್ಬಿಸುವುದು ಹೂವಿನವರನ್ನು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಶೇಕಡಾ ವ್ಯಾಪಾರಿ ಪ್ರತಿನಿಧಿಗಳೇ ಇರಬೇಕು. ಮೊಳ ಹಾಕಿ ಸೇವಂತಿಗೆ ಮಾರುವ ಅಜ್ಜಿಯರು ಕೂತಿರುವ ಬೀದಿಯಲ್ಲಿ ರಾತ್ರಿ ಒಂಬತ್ತಕ್ಕೂ ಹೆಂಗಸರು ಧೈರ್ಯವಾಗಿ ನಡೆಯುತ್ತಾರೆ. ಅವರಿಗೆ ಜಾಗ ಬರೆಯದ ನಕ್ಷೆಯನ್ನು ನಾನು ಬೆಂಬಲಿಸುವುದಿಲ್ಲ.

ಗಾಂಧಿ ಬಜಾರ್ ವ್ಯಾಪಾರಿ

ಸಂಜೆಯವರೆಗೆ ಕದಲದ ಕಾರುಗಳ ಮಾತು ಸರಿ, ಅವುಗಳ ಮೇಲೆ ನಮಗೂ ಸಿಟ್ಟಿದೆ. ಶುಲ್ಕ ಹಾಕಲಿ, ಅಡ್ಡಿಯಿಲ್ಲ. ಆದರೆ ನಮಗೆ ಸಾಮಾನು ಇಳಿಸಲು ಬೆಳಿಗ್ಗೆ ಎಂಟಕ್ಕೆ ಮೊದಲು ಗೊತ್ತಾದ ಹೊತ್ತು ಬೇಕು, ಗಿರಾಕಿಗೆ ಹದಿನೈದು ನಿಮಿಷ ಸ್ಕೂಟರ್ ನಿಲ್ಲಿಸುವ ಜಾಗ ಬೇಕು. ಇವೆರಡೂ ನಕ್ಷೆಯಲ್ಲಿ ಕಾಣುವವರೆಗೆ ನನ್ನ ವಿರೋಧ ಹಾಗೆಯೇ ಇರುತ್ತದೆ. ಬಾಯಿಮಾತಿನ ಭರವಸೆ ಒಮ್ಮೆ ನಂಬಿ ಆಗಿದೆ.

ನಿವೃತ್ತ ಎಂಜಿನಿಯರ್, ರಾಜಾಜಿನಗರ

ನ್ಯಾಯವಾದ ಬೇಡಿಕೆ. ಹಾಗಿದ್ದರೆ ವಾರ್ಡ್ ಸಭೆಗೆ ಹೋಗುವ ಮೊದಲು ಅಂದಾಜುಪಟ್ಟಿಯನ್ನೂ ನಕ್ಷೆಯನ್ನೂ ಕೇಳಿ ಪಡೆಯಿರಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಬಣ್ಣದ ಚಿತ್ರ ತೋರಿಸಿದರೆ ಒಪ್ಪಬೇಡಿ, ಅಡ್ಡಕೊಯ್ತದ ನಕ್ಷೆ ಕೇಳಿ, ಅಂದರೆ ರಸ್ತೆಯನ್ನು ಅಡ್ಡಲಾಗಿ ಕೊಯ್ದಂತೆ ಯಾವುದಕ್ಕೆ ಎಷ್ಟು ಅಗಲ ಎಂದು ತೋರಿಸುವ ನಕ್ಷೆ. ಅದರಲ್ಲಿ ಕಂಬ, ಮರ, ಟ್ರಾನ್ಸ್‌ಫಾರ್ಮರ್ ಬಿಟ್ಟು ಉಳಿಯುವ ಕಾಲುದಾರಿ ಎಷ್ಟು ಎಂದು ಅಳೆಯಿರಿ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಕನಿಷ್ಠ 1.8 ಮೀಟರ್ ತೆರಪು ಇರಬೇಕು, ಅಂಚುಗಲ್ಲು 150 ಮಿಲಿಮೀಟರ್ ಮೀರಬಾರದು ಎಂದಿತ್ತು. ನಮ್ಮಲ್ಲಿ ಒಂದಡಿ ಎತ್ತರಿಸುತ್ತಾರೆ, ಮಂಡಿ ನೋವಿನವರು ಹತ್ತಲಾರದೆ ರಸ್ತೆಯಲ್ಲೇ ನಡೆಯುತ್ತಾರೆ. ಮನೆಗಳ ಗೇಟಿನ ಮುಂದೆ ಕಾಲುದಾರಿ ತಗ್ಗಬಾರದು, ಕಾರೇ ಹತ್ತಿ ಇಳಿಯಬೇಕು ಎಂದು ಬರೆಸಿ. ಅಡ್ಡರಸ್ತೆಗಳ ಬಾಯಲ್ಲಿ ದಾಟುವ ಜಾಗವನ್ನು ಕಾಲುದಾರಿಯ ಮಟ್ಟಕ್ಕೇ ಎತ್ತರಿಸಿದ್ದಾರೆಯೇ, ಅದರ ಪಕ್ಕದಲ್ಲಿ ಮಳೆನೀರು ನಿಲ್ಲದಂತೆ ಜಾಲರಿ ಕೊಟ್ಟಿದ್ದಾರೆಯೇ ನೋಡಿ. ಜಯನಗರದ ಮೇಡಂ ಹೇಳಿದ ಗೂಟಗಳ ಅಂತರವನ್ನೂ ಅಳತೆಯಲ್ಲಿ ಬರೆಸಬೇಕು. ಆಮೇಲೆ ನಿರ್ವಹಣೆ. ಗುತ್ತಿಗೆದಾರನ ಹೊಣೆ ಎಷ್ಟು ವರ್ಷ, ಆ ಅವಧಿಯಲ್ಲಿ ಕಲ್ಲು ಎದ್ದರೆ ದೂರು ಯಾರಿಗೆ ಎಂಬುದು ಷರತ್ತಿನ ಪುಟಗಳಲ್ಲಿರುತ್ತದೆ. ಆ ಪುಟಗಳ ನಕಲು ಸಿಕ್ಕರೆ ಇಲ್ಲಿ ಹಾಕಿ. ಸಾಲು ಸಾಲಾಗಿ ಓದಿ ಎಲ್ಲಿ ಏನು ಬಿಟ್ಟಿದ್ದಾರೆಂದು ಬರೆಯುತ್ತೇನೆ.